ಊರಿನ ಜನ ಹೆಚ್ಚಿದರೋ, ಕಡಿಮೆಯಾದರೋ? ಲೆಕ್ಕ ಹಾಕುವ ಬಗೆ

ಮಲೆನಾಡಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. 2001ರ ಜನಗಣತಿಯಲ್ಲಿ ಅಲ್ಲಿ ಎಂಟು ಮಂದಿ: ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಮದುವೆಯಾಗದ ಚಿಕ್ಕಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮುಂದಿನ ಹತ್ತು ವರ್ಷದಲ್ಲಿ ಅಜ್ಜ ತೀರಿಕೊಂಡರು. ಚಿಕ್ಕಪ್ಪನಿಗೆ ಮದುವೆಯಾಗಿ ಚಿಕ್ಕಮ್ಮ ಬಂದರು, ಒಂದು ಮಗು ಹುಟ್ಟಿತು. ಮಗಳನ್ನು ಘಟ್ಟದ ಕೆಳಗೆ ಕೊಟ್ಟರು. ಹುಡುಗರಿಬ್ಬರೂ ಬೆಂಗಳೂರು ಸೇರಿದರು. 2011ರಲ್ಲಿ ಉಳಿದವರು ಆರು.

ದೇಶದ ಲೆಕ್ಕವೂ ಹೀಗೆಯೇ. ಹಿಂದಿನ ಸಂಖ್ಯೆಗೆ ಹುಟ್ಟಿದವರನ್ನು ಕೂಡಿಸಿ, ಸತ್ತವರನ್ನು ಕಳೆಯಿರಿ; ಬಂದವರನ್ನು ಕೂಡಿಸಿ, ಹೋದವರನ್ನು ಕಳೆಯಿರಿ. 8 + 1 − 1 + 1 − 3 = 6. ಹುಟ್ಟು ಸಾವುಗಳ ವ್ಯತ್ಯಾಸಕ್ಕೆ ಸ್ವಾಭಾವಿಕ ಬೆಳವಣಿಗೆ ಎಂದು ಹೆಸರು. ಬಂದವರು ಹೋದವರ ವ್ಯತ್ಯಾಸ ನಿವ್ವಳ ವಲಸೆ. ಈ ಮನೆಯಲ್ಲಿ ಮೊದಲನೆಯದು ಸೊನ್ನೆ. ಕಡಿಮೆಯಾದ ಇಬ್ಬರೂ ವಲಸೆಯ ಲೆಕ್ಕದವರು. ಹುಡುಗರ ಹೆಸರು ಊರಿನ ಪಡಿತರ ಚೀಟಿಯಲ್ಲಿ ಇನ್ನೂ ಇರಬಹುದು, ಗಣತಿ ಮಾತ್ರ ಅವರನ್ನು ವಾಸವಿರುವಲ್ಲಿಯೇ ಎಣಿಸುತ್ತದೆ.

ಈಗ ಶೇಕಡಾವಾರು ಲೆಕ್ಕ. ಕರ್ನಾಟಕದ ಜನಸಂಖ್ಯೆ 2001ರಲ್ಲಿ 5,28,50,562, 2011ರಲ್ಲಿ 6,10,95,297. ವ್ಯತ್ಯಾಸ 82,44,735. ಇದನ್ನು ಹಳೆಯ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ 15.6. ಭಾಗಿಸಬೇಕಾದದ್ದು ಯಾವಾಗಲೂ ಹಳೆಯ ಸಂಖ್ಯೆಯಿಂದ. ಹೊಸದರಿಂದ ಭಾಗಿಸಿದರೆ ಉತ್ತರ 13.5ಕ್ಕೆ ಇಳಿಯುತ್ತದೆ.

ಹಾಗಾದರೆ ವರ್ಷಕ್ಕೆ 1.56 ಎನ್ನಬಹುದೇ? ಅನ್ನಬಾರದು. ಜನಸಂಖ್ಯೆ ಬೆಳೆಯುವುದು ಚಕ್ರಬಡ್ಡಿಯ ಹಾಗೆ: ಈ ವರ್ಷ ಸೇರಿದವರ ಮೇಲೆಯೇ ಮುಂದಿನ ವರ್ಷದ ಬೆಳವಣಿಗೆ. ಹೊಸ ಸಂಖ್ಯೆಯನ್ನು ಹಳೆಯದರಿಂದ ಭಾಗಿಸಿ, 1.156 ಬರುತ್ತದೆ. ಮೊಬೈಲನ್ನು ಅಡ್ಡ ಹಿಡಿದರೆ ಹಲವು ಕ್ಯಾಲ್ಕುಲೇಟರ್‌ಗಳಲ್ಲಿ ಘಾತದ ಗುಂಡಿ ಕಾಣಿಸುತ್ತದೆ. ಅದನ್ನು ಒತ್ತಿ 0.1 ಕೊಡಿ (ನಡುವೆ ಹತ್ತು ವರ್ಷ, ಆದ್ದರಿಂದ 1 ÷ 10). 1.0146 ಬಂತು, ಅಂದರೆ ವರ್ಷಕ್ಕೆ ಶೇ 1.46. ಇಮ್ಮಡಿಯಾಗುವ ಕಾಲವನ್ನು ಅಂದಾಜು ಮಾಡಲು ಒಂದು ಸುಲಭ ಸೂತ್ರವಿದೆ: 70ನ್ನು ವಾರ್ಷಿಕ ದರದಿಂದ ಭಾಗಿಸುವುದು. ಇಲ್ಲಿ ಬರುವುದು 48. ಇದೇ ವೇಗ ಉಳಿದಿದ್ದರೆ ರಾಜ್ಯದ ಜನ ಇಮ್ಮಡಿಯಾಗಲು ಸುಮಾರು 48 ವರ್ಷ. ಬೆಂಗಳೂರು ನಗರ ಜಿಲ್ಲೆಯದು ಅದೇ ದಶಕದಲ್ಲಿ 65,37,124ರಿಂದ 96,21,551ಕ್ಕೆ ಏರಿತು. ಆ ವೇಗಕ್ಕೆ 18 ವರ್ಷ ಸಾಕು!

ಒಂದು ಕಡೆ ಎಚ್ಚರ ಬೇಕು. 2001ರಲ್ಲಿ ಕೋಲಾರ ಜಿಲ್ಲೆಯ ಜನ 25,36,069, 2011ರಲ್ಲಿ 15,36,401. ಹತ್ತು ಲಕ್ಷ ಜನ ಎಲ್ಲಿ ಹೋದರು? ಎಲ್ಲಿಗೂ ಹೋಗಲಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಇಂದಿನ ಕೋಲಾರದ ಗಡಿಗೆ ಹೊಂದಿಸಿದರೆ 2001ರ ಸಂಖ್ಯೆ 13,87,062. ಅಲ್ಲಿಗೆ ಜನ ಶೇ 10.77ರಷ್ಟು ಹೆಚ್ಚಿದ್ದಾರೆ. ಗಡಿ ಒಂದೇ ಇದೆಯೇ ಎಂದು ನೋಡದೆ ಯಾವ ಎರಡು ಸಂಖ್ಯೆಗಳನ್ನೂ ಹೋಲಿಸಬೇಡಿ.

ನನ್ನನ್ನು ಬಹಳ ಕಾಡುವ ಸಂಖ್ಯೆ ಚಿಕ್ಕಮಗಳೂರಿನದು. 11,40,905 ಇದ್ದದ್ದು ಹತ್ತು ವರ್ಷದ ಮೇಲೆ 11,37,961 ಆಯಿತು. ಇಳಿಕೆ 2,944, ಕೇವಲ ಶೇ 0.26. ಆದರೆ ನಿಜವಾಗಿ ಹೋದವರು ಇಷ್ಟೇ ಮಂದಿಯಲ್ಲ. 2011ರಲ್ಲಿ ರಾಜ್ಯದಲ್ಲಿ ಸಾವಿರ ಜನಕ್ಕೆ ಹುಟ್ಟು 18.8, ಸಾವು 7.1; ಸ್ವಾಭಾವಿಕ ಬೆಳವಣಿಗೆ 11.7. ಜಿಲ್ಲೆಯದು ಅದರ ಅರ್ಧವೇ ಇತ್ತೆಂದು ಹಿಡಿದರೂ ವರ್ಷಕ್ಕೆ 6,600ಕ್ಕೂ ಹೆಚ್ಚು, ದಶಕಕ್ಕೆ 66 ಸಾವಿರ ಜನ ಸೇರಬೇಕಿತ್ತು. ಸೇರಲಿಲ್ಲ, ಮೇಲಿನಿಂದ 2,944 ಕಡಿಮೆಯೂ ಆಯಿತು. ಈ ಅಂದಾಜಿನಂತೆ ಬಂದವರನ್ನು ಕಳೆದು ಉಳಿದ ವಲಸಿಗರೇ 69 ಸಾವಿರದ ಹತ್ತಿರ. ಅಂಗಳದಲ್ಲಿ ಅಡಿಕೆ ಹರವಲು ಆಳಿಲ್ಲ ಎಂದು ಹಿರಿಯರು ಹೇಳುವುದರ ಹಿಂದೆ ಈ ಲೆಕ್ಕವೂ ಇದೆ.

ನಿಮ್ಮ ಊರಿನ 2011ರ ಸಂಖ್ಯೆ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಹಳ್ಳಿವಾರು ಸಿಗುತ್ತದೆ, ಬರೆದಿಟ್ಟುಕೊಳ್ಳಿ. ಮುಂದಿನ ಗಣತಿಗೆ ನಿಗದಿಯಾಗಿರುವುದು 2027ರ ಮಾರ್ಚ್ 1. ನಡುವೆ ಹತ್ತಲ್ಲ, ಹದಿನಾರು ವರ್ಷ. ಹಾಗಾಗಿ ಆಗ ಘಾತದ ಗುಂಡಿ ಒತ್ತಿ ಕೊಡಬೇಕಾದದ್ದು 0.1 ಅಲ್ಲ, 0.0625.