ಪಾಲಿಶ್‌ಗೆ ಮುಂಚೆ ಒಂದು ಒದ್ದೆ ಬಟ್ಟೆ

ಶಾಲೆಯ ವಸ್ತುಪ್ರದರ್ಶನಕ್ಕೆ ಮಕ್ಕಳು ಮಾಡಿದ ಮರದ ಮಣೆ, ಪೆನ್ನಿನ ಸ್ಟ್ಯಾಂಡ್‌ಗಳಿಗೆ ಕೊನೆಯ ಸಲ ಉಪ್ಪುಕಾಗದ ಹಿಡಿಯುವ ಮೊದಲು, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಲು ಹೇಳಿ. ಪೂರ್ತಿ ಒಣಗಿದ ಮೇಲೆ 220ನೇ ನಂಬರಿನ ನುಣುಪು ಉಪ್ಪುಕಾಗದದಿಂದ ಮರದ ಎಳೆಯ ಗುಂಟ ಹಗುರವಾಗಿ ತಿಕ್ಕಲಿ. ನೀರು ಕುಡಿದ ನಾರು ಗಡ್ಡದ ಕೂಳೆಯಂತೆ ಎದ್ದು ನಿಲ್ಲುತ್ತದೆ. ಅದನ್ನು ಈಗಲೇ ಸವರಿಬಿಟ್ಟರೆ, ನೀರು ಬೆರೆಸುವ ವಾರ್ನಿಷ್ ಹಚ್ಚಿದಾಗ ಮೈ ಅಷ್ಟು ತರಿತರಿ ಆಗುವುದಿಲ್ಲ. ಒದ್ದೆಯಾದ ಮರದ ಬಣ್ಣ ಗಾಢವಾಗುವುದರಿಂದ, ಅಂಟು ಮೆತ್ತಿದ ಬೆರಳಿನ ಗುರುತು ಮಾತ್ರ ಬಿಳಚಿಕೊಂಡು ಸಿಕ್ಕಿಬೀಳುತ್ತದೆ. ನನಗೆ ಈ ಲಾಭವೇ ದೊಡ್ಡದು. ತೀರಾ ಒತ್ತಿ ಉಜ್ಜಿದರೆ ಹೊಸ ನಾರು ಬಯಲಾಗಿ ಕೆಲಸ ಮೊದಲಿಗೇ ಬರುತ್ತದೆ. ಪ್ಲೈವುಡ್ಡಿನ ಮೇಲ್ಪದರ ತೆಳು, ಎರಡೇ ಸಲ ತಿಕ್ಕಿದರೆ ಸಾಕು. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಂಡಿಎಫ್ ಹಲಗೆಗಂತೂ ನೀರು ತಾಗಿಸಬೇಡಿ, ಅಂಚು ಉಬ್ಬಿಕೊಳ್ಳುತ್ತದೆ.