ಕೀಮೋ ವಾರ, ಕುಚ್ಚಿನ ವಾರ

ನನಗೆ ದೊಡ್ಡ ಕರುಳಿನ ಕ್ಯಾನ್ಸರ್. ಗೊತ್ತಾಗುವಷ್ಟರಲ್ಲಿ ಲಿವರಿಗೂ ಹರಡಿತ್ತು. ನಾಲ್ಕನೇ ಹಂತ. ಮನೆ ಸಾಗರದಲ್ಲಿ. ಸೀರೆಗೆ ಫಾಲ್ಸ್ ಹೊಲಿಯುವುದು, ಕುಚ್ಚು ಹಾಕುವುದು ನನ್ನ ಕಸುಬು. ಚಿಕಿತ್ಸೆ ಬೆಂಗಳೂರಿನಲ್ಲಿ. "ಇಷ್ಟೆಲ್ಲ ಆದ್ರೂ ನಗ್ತಾ ಇರ್ತೀರಲ್ಲ, ಹೇಗೆ?" ಅಂತ ತುಂಬಾ ಜನ ಕೇಳುತ್ತಾರೆ. ಯಾವಾಗಲೂ ನಗುತ್ತಾ ಇರುವುದಿಲ್ಲ. ನಗುವ ದಿನ ಮಾತ್ರ ಹೊರಗೆ ಬರುತ್ತೇನೆ, ಅಷ್ಟೇ.

ಶುರುವಿನಲ್ಲಿ ಡಾಕ್ಟರು ನಮ್ಮ ಯಜಮಾನರನ್ನು ಮಾತ್ರ ಒಳಗೆ ಕರೆದು ಮಾತಾಡುತ್ತಿದ್ದರು. ಇವರು ಹೊರಗೆ ಬಂದ ಮೇಲೆ ಮುಖ ನೋಡಿ ನಾನು ಲೆಕ್ಕ ಹಾಕಬೇಕು. ಒಂದು ದಿನ ನಾನೂ ಒಳಗೆ ಹೋಗಿ ಕೂತೆ. "ಸಾರ್, ಹೊಟ್ಟೆ ನನ್ನದು. ನನ್ನೆದುರೇ ಹೇಳಿ" ಅಂದೆ. ಹೇಳಿದರು. ಪೂರ್ತಿ ವಾಸಿಯಾಗುವುದು ಕಷ್ಟ, ಹಿಡಿತದಲ್ಲಿ ಇಡಲು ನೋಡೋಣ, ಈ ಔಷಧಿ ಎಷ್ಟು ದಿನ ಕೆಲಸ ಮಾಡುತ್ತದೋ ಅಷ್ಟು ದಿನ ಕೊಡೋಣ, ಆಮೇಲೆ ಬೇರೆಯದು. ಆ ರಾತ್ರಿ ಚೆನ್ನಾಗಿ ಅತ್ತೆ. ಆದರೆ ಮಾರನೇ ದಿನದಿಂದ ಮನೆಯಲ್ಲಿ ಗುಸುಗುಸು ನಿಂತಿತು. ನಾನು ಬಂದರೆ ಮಾತು ನಿಲ್ಲಿಸುವುದು, ಫೈಲ್ ಬೀರುವಿನಲ್ಲಿ ಮುಚ್ಚಿಡುವುದು, ಯಾವುದೂ ಇಲ್ಲ. ನನಗೆ ಧೈರ್ಯ ಬಂದಿದ್ದು ಅಲ್ಲಿಂದ. ಸುಳ್ಳು ಸಮಾಧಾನದ ಮೇಲೆ ಎಷ್ಟು ದಿನ ಅಂತ ನಿಲ್ಲೋದು?

ನನಗೆ ಕೊಟ್ಟಿದ್ದು ಫೋಲ್‌ಫಾಕ್ಸ್ ಅನ್ನುವ ಕೀಮೋ, 14 ದಿನಕ್ಕೊಮ್ಮೆ. ಎದೆಯ ಮೇಲ್ಭಾಗದಲ್ಲಿ, ಚರ್ಮದಡಿ ಒಂದು ಪೋರ್ಟ್ ಕೂರಿಸಿದ್ದಾರೆ, ಔಷಧಿ ನೇರ ರಕ್ತನಾಳಕ್ಕೆ ಇಳಿಸುವ ಪುಟ್ಟ ಡಬ್ಬಿಯಂಥದ್ದು. ಆಸ್ಪತ್ರೆಯಲ್ಲಿ ಕೆಲವು ಗಂಟೆ ಡ್ರಿಪ್ ಹಾಕಿ, ಆಮೇಲೆ ಅಂಗೈಯಲ್ಲಿ ಹಿಡಿಯುವಂಥ ಪಂಪ್ ಒಂದನ್ನು ಪೋರ್ಟಿಗೆ ಜೋಡಿಸಿ ಕಳಿಸುತ್ತಾರೆ. ಒಳಗಿನ ಬಲೂನು ನಿಧಾನಕ್ಕೆ ಕುಗ್ಗುತ್ತಾ 46 ಗಂಟೆ ಔಷಧಿ ಇಳಿಸುತ್ತದೆ. ಆ ಎರಡು ರಾತ್ರಿ ತಂಗಿಯ ಮನೆಯಲ್ಲಿ ಇರುತ್ತಿದ್ದೆ. ಪಂಪ್ ಇಟ್ಟುಕೊಳ್ಳಲು ಆಸ್ಪತ್ರೆಯವರು ಕೊಡುವ ಚೀಲ ಕುತ್ತಿಗೆಗೆ ಒತ್ತುತ್ತಿತ್ತು. ಉಳಿದ ಬ್ಲೌಸ್ ಪೀಸಿನಲ್ಲಿ ನಾನೇ ಒಂದು ಹೊಲಿದೆ. ಅಗಲ ಪಟ್ಟಿ, ಒಳಗೆ ಲೈನಿಂಗ್, ಟ್ಯೂಬ್ ಮಡಚಿಕೊಳ್ಳದ ಹಾಗೆ ಪಕ್ಕದಲ್ಲಿ ಸೀಳು. ಮುಂದಿನ ಸಲ ಪಕ್ಕದ ಕುರ್ಚಿಯವರು ನನಗೂ ಬೇಕು ಅಂದರು. ಆಮೇಲೆ ಸಿಸ್ಟರ್‌ಗಳೇ "ಆಂಟಿ, ಇನ್ನೆರಡು ಇದ್ಯಾ?" ಅಂತ ಕೇಳತೊಡಗಿದರು. ಕೀಮೋಗೆ ಹೋಗುವಾಗ ಕೈಯಲ್ಲಿ ಕೊಡಲು ಏನೋ ಇದೆ ಅನ್ನುವುದು ಎಂಥಾ ಬಲ ಅಂತ ಆಗ ಗೊತ್ತಾಯಿತು.

ಎರಡು ವಾರದಲ್ಲಿ ಮೊದಲನೆಯದು ಕೀಮೋ ವಾರ, ಎರಡನೆಯದು ಕುಚ್ಚಿನ ವಾರ. ಕೀಮೋ ವಾರದಲ್ಲಿ ನನ್ನಿಂದ ಏನನ್ನೂ ನಿರೀಕ್ಷಿಸಬೇಡಿ ಅಂತ ಎಲ್ಲರಿಗೂ ಹೇಳಿದ್ದೇನೆ. ವಾಂತಿ ಬರದಿರಲಿ ಅಂತ ಕೊಡುವ ಸ್ಟೆರಾಯ್ಡ್‌ನಿಂದ ಮೊದಲ ರಾತ್ರಿ ನಿದ್ದೆ ಬರುವುದಿಲ್ಲ. ಅದು ಇಳಿದ ಮೇಲೆ ಮೈ ಕುಸಿಯುತ್ತದೆ, ಮನಸ್ಸೂ ಜೊತೆಗೇ ಕುಸಿಯುತ್ತದೆ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ದಿನ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಮೇಲೆ ಇದು ಕಣ್ಣಿಗೆ ಬಿತ್ತು. ಆಗ "ಇನ್ನು ಸಾಕು, ಬಿಟ್ಟುಬಿಡೋಣ" ಅನಿಸುತ್ತದೆ. ಆ ದಿನದ ಯೋಚನೆಗಳನ್ನು ನಾನು ನಂಬುವುದಿಲ್ಲ. ಅಳು ಬಂದರೆ ಅಳುತ್ತೇನೆ, ತೀರ್ಮಾನ ಮಾತ್ರ ಮುಂದಿನ ವಾರಕ್ಕೆ.

ಆಕ್ಸಾಲಿಪ್ಲಾಟಿನ್ ಅಂತ ಒಂದು ಔಷಧಿ ಇದರಲ್ಲಿದೆ. ಅದಕ್ಕೂ ತಣ್ಣಗಿನದಕ್ಕೂ ಆಗಿಬರುವುದಿಲ್ಲ. ಫ್ರಿಜ್ಜಿಗೆ ಕೈ ಹಾಕಿದರೆ ಬೆರಳಿಗೆ ಕರೆಂಟ್ ಹೊಡೆದ ಹಾಗೆ. ತಣ್ಣೀರು ಕುಡಿದರೆ ಗಂಟಲು ಹಿಡಿದುಕೊಳ್ಳುತ್ತದೆ. ಹೀಗಾಗಿ ಕೈಗವಸು, ಬಿಸಿನೀರಿನ ಫ್ಲಾಸ್ಕು. ಬಚ್ಚಲ ಹಂಡೆಗೆ ದಿನವಿಡೀ ಉರಿ. ಬಾಯೆಲ್ಲ ಕಬ್ಬಿಣ ನೆಕ್ಕಿದ ರುಚಿ. ಬಿಸಿ ಗಂಜಿ, ಅಪ್ಪೆಮಿಡಿಯ ರಸ ಒಂದು ಚಮಚ, ಅಷ್ಟು ಒಳಗೆ ಹೋಗುತ್ತಿತ್ತು. ಬಾಯಿ ಹುಣ್ಣಾದಾಗ ಅದೂ ಇಲ್ಲ, ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಮುಕ್ಕಳಿಸುವುದು. ಕೂದಲು ಪೂರ್ತಿ ಉದುರಲಿಲ್ಲ, ತೆಳುವಾಯಿತು. ಅದಕ್ಕೂ "ಕೂದ್ಲು ಇದ್ಯಲ್ಲ, ನಿಜವಾಗ್ಲೂ ಕೀಮೋನಾ?" ಅಂದವರಿದ್ದಾರೆ!

ಎರಡನೇ ವಾರ ಮೈಗೆ ಹಿತ. ತಮಾಷೆ ಅಂದರೆ ಬಿಳಿ ರಕ್ತಕಣ ಕಡಿಮೆ ಇರುವುದೂ ಹೆಚ್ಚಾಗಿ ಆಗಲೇ. ಸೋಂಕು ಬೇಗ ತಗಲುತ್ತದೆ, ಹುರುಪು ಬಂತು ಅಂತ ಮದುವೆ ಮನೆಗೆ ಹೋಗುವ ಹಾಗಿಲ್ಲ. ಜ್ವರ 100.4 ಡಿಗ್ರಿ ದಾಟಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಬೇಕು. ಗಿರಾಕಿಗಳು ಸೀರೆಯನ್ನು ಜಗಲಿಯ ಮೇಲಿಟ್ಟು ಅಲ್ಲಿಂದಲೇ ಬಣ್ಣ ಹೇಳಿ ಹೋಗುತ್ತಾರೆ.

ಕೀಮೋ ಮುಂದುವರಿದ ಹಾಗೆ ಬೆರಳ ತುದಿ ಜೋಮು ಹಿಡಿಯತೊಡಗಿತು. ಸೂಜಿ ಕೈಯಲ್ಲಿದೆಯೋ ಬಿತ್ತೋ ಗೊತ್ತಾಗುವುದಿಲ್ಲ. ಕುಚ್ಚಿಗೆ ಎಳೆ ಎಣಿಸುವುದು ಬೆರಳಿನ ಕೆಲಸ, ಈಗ ಕಣ್ಣಿನ ಕೆಲಸವಾಗಿದೆ. ಮಣಿ ಪೋಣಿಸುವ ಡಿಸೈನ್ ಬಿಟ್ಟೆ. ಎಳೆ ಸೇರಿಸಿ ಗಂಟು ಹಾಕುವ ಸಾದಾ ಕುಚ್ಚು ಮಾತ್ರ. ಡಾಕ್ಟರಿಗೆ ಹೇಳಿದಾಗ, ಇದೂ ಆಕ್ಸಾಲಿಪ್ಲಾಟಿನ್‌ನಿಂದಲೇ ಅಂತ ಅದನ್ನು ನಿಲ್ಲಿಸಿ ಉಳಿದದ್ದನ್ನು ಮುಂದುವರಿಸಿದರು. ದಯವಿಟ್ಟು ಇಂಥದ್ದನ್ನು ಸಹಿಸಿಕೊಂಡು ಸುಮ್ನೆ ಕೂರಬೇಡಿ. ನೋವೂ ಅಷ್ಟೇ. ನೋವು, ಸಂಕಟ ಕಡಿಮೆ ಮಾಡುವ ಪ್ಯಾಲಿಯೇಟಿವ್ ಕೇರ್ ಅಂದರೆ ಕೊನೆಗಾಲಕ್ಕೆ ಅಂತ ನಮ್ಮಲ್ಲಿ ಭಯ. ನಾನು ಕೀಮೋ ನಡೆಯುತ್ತಿರುವಾಗಲೇ ಆ ವಿಭಾಗಕ್ಕೆ ಹೋದೆ. ಲಿವರ್ ಇರುವ ಪಕ್ಕೆಯ ನೋವು ಹಿಡಿತಕ್ಕೆ ಬಂದ ಮೇಲೆ ಅರ್ಧ ಬೇಸರ ತಾನಾಗಿಯೇ ಹೋಯಿತು. ಬೆಂಗಳೂರಿನಲ್ಲಿ ಇರುವವರಿಗೆ ಇಂಥ ಆರೈಕೆ ಕೊಡುವ ಕರುಣಾಶ್ರಯ ಅನ್ನುವ ಸಂಸ್ಥೆಯವರು ಮನೆಗೂ ಬರುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ.

"ಪಾಸಿಟಿವ್ ಆಗಿದ್ರೆ ಕ್ಯಾನ್ಸರ್ ಓಡಿಹೋಗುತ್ತೆ" ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಹಾಗಾದರೆ ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದರೆ ಅದು ನನ್ನ ತಪ್ಪಾ? ಮನಸ್ಸು ಗಟ್ಟಿಯಿದ್ದರೆ ಊಟ ಸೇರುತ್ತದೆ, ಮುಂದಿನ ಕೀಮೋಗೆ ರೈಲು ಹತ್ತಲು ಆಗುತ್ತದೆ. ಗಡ್ಡೆ ಕರಗಿಸುವುದು ಔಷಧಿಯ ಕೆಲಸ. ಲಕ್ಷ್ಮಣಫಲದ ಎಲೆ ಕಷಾಯ ತಂದುಕೊಟ್ಟವರಿಗೂ ಥ್ಯಾಂಕ್ಸ್ ಹೇಳಿ ಪಕ್ಕಕ್ಕಿಟ್ಟಿದ್ದೇನೆ. ಇರುವ ಲಿವರಿಗೆ ಇನ್ನೊಂದು ಭಾರ ಬೇಡ.

ಅಂದಹಾಗೆ ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಲ್ಲಿ ಫಾರಂ ಬರೆಸಿಕೊಳ್ಳಿ. ಸ್ಲೀಪರಿನಲ್ಲಿ ರೋಗಿಗೆ ಪೂರ್ತಿ ಮಾಫಿ.

ಇನ್ನು ನನ್ನಂಥವರಿಗೆ ಫೋನ್ ಮಾಡುವವರು "ಹೇಗಿದ್ದೀರಾ" ಅಂತ ದನಿ ಇಳಿಸಿ ಕೇಳಬೇಡಿ. ಊರ ಸುದ್ದಿ ಹೇಳಿ. ಯಾರ ತೋಟಕ್ಕೆ ಕೊಳೆರೋಗ ಬಂತು, ಯಾರ ಮಗಳಿಗೆ ಗಂಡು ಗೊತ್ತಾಯ್ತು, ಆ ಮದುವೆಗೆ ಎಷ್ಟು ಸೀರೆಗೆ ಕುಚ್ಚು ಹಾಕಿಸಬೇಕು. ಕೊನೆಯದನ್ನು ಮಾತ್ರ ಸ್ವಲ್ಪ ಮುಂಚೆಯೇ ಹೇಳಿ, ಎರಡನೇ ವಾರಕ್ಕೆ ಹೊಂದಿಸಿಕೊಳ್ಳಬೇಕು.