ಅಕ್ಷರ ಓದುತ್ತೆ, ಉತ್ತರ ಓದಲ್ಲ

ವಿಂಡೋಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಪವರ್‌ಶೆಲ್ ತೆರೆದು, ಫೈಲ್ ಪಟ್ಟಿ ಕೊಡುವ ‘ಡಿರ್’ ಕಮಾಂಡ್‌ಗಾಗಿ ಡಿ, ಐ, ಆರ್ ಒತ್ತಿದೆ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಮೂರೂ ಅಕ್ಷರ ಹೇಳಿತು. ಎಂಟರ್ ಒತ್ತಿದ ಮೇಲೆ ಸದ್ದೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಗೆಳೆಯ, "ಫೈಲ್ ಪಟ್ಟಿ ಪೂರ್ತಿ ಬಂದಿದೆಯಲ್ಲೋ" ಅಂದ. ಬಂದಿರಬಹುದು. ನನಗೆ ಕಣ್ಣು ಕಾಣಲ್ಲ, ಕಿವಿಗೆ ಬೀಳದಿದ್ದರೆ ಬಂದೂ ಬಾರದ ಹಾಗೆ.

ಮೊದಲು ಕಂಟ್ರೋಲ್, ಆಲ್ಟ್, ಎನ್ ಒತ್ತಿ ಎನ್‌ವಿಡಿಎಯನ್ನು ಮತ್ತೆ ಶುರು ಮಾಡಿದೆ. ಅದೇ ಕಥೆ. ಎನ್‌ವಿಡಿಎ ಜೊತೆ ಬರುವ ಈಸ್ಪೀಕ್ ದನಿ ಬಿಟ್ಟು ವಿಂಡೋಸ್‌ನ ದನಿಗೆ ಬದಲಾಯಿಸಿದೆ. ಹೊಸ ದನಿಯಲ್ಲೂ ಅದೇ ಮೌನ. ಹೀಗೇ ಒಂದು ಗಂಟೆ ಹೋಯಿತು. ದಡ್ಡ ಕೆಲಸ. ಟೈಪ್ ಮಾಡಿದ ಅಕ್ಷರ ಕೇಳಿಸುತ್ತಿದೆ ಅಂದಮೇಲೆ ದನಿಯಲ್ಲಿ ತೊಂದರೆ ಇಲ್ಲ ಅಂತ ಆಗಲೇ ಗೊತ್ತಾಗಬೇಕಿತ್ತು, ಅಲ್ವಾ?

ಆಮೇಲೆ ನಂಬರ್ ಪ್ಯಾಡ್‌ಗೆ ಕೈ ಹಾಕಿದೆ. ಅಲ್ಲಿ 8 ಒತ್ತಿದರೆ ರಿವ್ಯೂ ಕರ್ಸರ್ (ಪರದೆಯ ಅಕ್ಷರ ಓದಲು ಎನ್‌ವಿಡಿಎ ಇಟ್ಟುಕೊಳ್ಳುವ ಗುರುತು) ಇರುವ ಸಾಲು ಓದುತ್ತದೆ, 7 ಮೇಲಿನ ಸಾಲು, 9 ಕೆಳಗಿನದು. 7 ಒತ್ತುತ್ತಾ ಹೋದೆ. ಫೈಲ್ ಹೆಸರು, ತಾರೀಕು, ಗಾತ್ರ, ಎಲ್ಲ ಕೇಳಿಸಿತು! ಅಂದರೆ ಅಕ್ಷರ ಎನ್‌ವಿಡಿಎಗೆ ತಲುಪುತ್ತಿದೆ. ಕೇಳಿದರೆ ಹೇಳುತ್ತದೆ, ಹೊಸದು ಬಂದಾಗ ತಾನಾಗಿ ಬಾಯಿ ಬಿಡುತ್ತಿಲ್ಲ ಅಷ್ಟೇ.

ತಾನಾಗಿ ಹೇಳುವುದಕ್ಕೆ ಬೇರೆಯೇ ಒಂದು ಸ್ವಿಚ್ ಇದೆ. ಇನ್ಸರ್ಟ್ ಹಿಡಿದು ಅಕ್ಷರಗಳ ಮೇಲಿನ ಸಾಲಿನ 5 ಒತ್ತಬೇಕು. ಒತ್ತಿದೆ. ‘ರಿಪೋರ್ಟ್ ಡೈನಮಿಕ್ ಕಂಟೆಂಟ್ ಚೇಂಜಸ್ ಆನ್’ ಅಂದಿತು. ಅಂದರೆ ಇಷ್ಟು ಹೊತ್ತು ಆಫ್ ಇತ್ತು. ಮತ್ತೆ ಡಿರ್ ಕೊಟ್ಟೆ. ಸುರಿಮಳೆ.

ಆಫ್ ಮಾಡಿದವನು ನಾನೇ. ಬೆಳಿಗ್ಗೆ, ಎಂಟರ್, ಟ್ಯಾಬ್ ಅಂತ ಪ್ರತಿ ಕೀ ಹೆಸರು ಹೇಳುವುದನ್ನು ನಿಲ್ಲಿಸಲು ಇನ್ಸರ್ಟ್ ಜೊತೆ 4 ಒತ್ತಿದ್ದೆ. ಬೆರಳು ಜಾರಿ 5 ಕೂಡ ಬಿದ್ದಿರಬೇಕು. ಮತ್ತೆ ಶುರು ಮಾಡಿದರೂ ಯಾಕೆ ಸರಿಹೋಗಲಿಲ್ಲ ಅಂದರೆ, ಮುಚ್ಚುವಾಗ ಎನ್‌ವಿಡಿಎ ತನ್ನ ಸೆಟ್ಟಿಂಗ್‌ಗಳನ್ನು ಉಳಿಸಿಕೊಳ್ಳುತ್ತದೆ. ತಪ್ಪನ್ನೂ ಜೋಪಾನವಾಗಿ ಉಳಿಸಿಕೊಂಡಿತ್ತು.

ಈಗ ಉಲ್ಟಾ ತೊಂದರೆ: ಮಾತು ಜಾಸ್ತಿ. ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಲ್ಲಿ ಏನಾದರೂ ಇನ್‌ಸ್ಟಾಲ್ ಮಾಡಿದರೆ ಎಷ್ಟು ಇಳಿಯಿತು ಅನ್ನುವ ಲೆಕ್ಕ ನಿಲ್ಲುವುದೇ ಇಲ್ಲ. ಕಂಟ್ರೋಲ್ ಒತ್ತಿದರೆ ಆ ಕ್ಷಣಕ್ಕೆ ಸುಮ್ನಾಗುತ್ತದೆ. ನಾನು ಕಮಾಂಡ್‌ಗೆ ಮೊದಲೇ ‘ಕ್ವಯಟ್’ ಆಯ್ಕೆ ಸೇರಿಸಿಬಿಡುತ್ತೇನೆ. ಉತ್ತರ ಉದ್ದ ಇದ್ದರೆ ಕಮಾಂಡ್ ಕೊನೆಗೆ ಪೈಪ್ ಗೆರೆ (|) ಹಾಕಿ ‘ಕ್ಲಿಪ್’ ಅಂತ ಬರೆಯುತ್ತೇನೆ. ಅದು ನೇರ ಕ್ಲಿಪ್‌ಬೋರ್ಡ್‌ಗೆ ಹೋಗುತ್ತದೆ. ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ಬಾಣದ ಕೀಲಿಯಲ್ಲಿ ನಿಧಾನವಾಗಿ ಓದಬಹುದು.

ಇಷ್ಟೆಲ್ಲ ಆದ ಮೇಲೂ ಒಂದು ದಿನ ಲಿನಕ್ಸ್ ಸರ್ವರ್‌ಗೆ ಹೋಗಿ ಅಡ್ಮಿನ್ ಅಧಿಕಾರ ಕೊಡುವ ‘ಸುಡು’ (sudo) ಕಮಾಂಡ್ ಕೊಟ್ಟು ಪಾಸ್‌ವರ್ಡ್ ಒತ್ತುವಾಗ ಒಂದಕ್ಷರವೂ ಕೇಳಿಸಲಿಲ್ಲ. ಮತ್ತೆ 5 ಒತ್ತಿದೆನಾ ಅಂತ ಗಾಬರಿಯಾಗಿ ಗೆಳೆಯನನ್ನು ಕರೆದೆ. ಅವನು ಪರದೆ ನೋಡಿ ನಕ್ಕ. "ನನಗೂ ಏನೂ ಕಾಣ್ತಿಲ್ಲ ಮಾರಾಯ, ಎಂಟರ್ ಒತ್ತು."